ತಗಡಿನ ಕೆಳಗ ಗುಪ್ತ ಕಾಪಿ

ಕಂಪ್ಯೂಟರ್ ಕೆಟ್ರ ರಿಪೇರಿ ಮಾಡಬಹುದ್ರಿ. ಅದು ಬರಾಬರ್ ನಡೀಲಾಕತ್ತಾಗ ಆಗೋ ಫಜೀತಿಗಿ ಮಾತ್ರ ಔಷಧ ಇಲ್ಲ. ನಾ ಉದಗೀರದಾಗ ಒಂದು ದಾಲ್ ಮಿಲ್ಲಿನ ಕಂಪ್ಯೂಟರ್ ನೋಡ್ಕೊಳ್ಳೋಂವಾ. ಹೆಂಡ್ತಿ ಉಮರ್ಗಾದ ದವಾಖಾನಿದಾಗ ನರ್ಸ್. ರಜಾ ಸಿಕ್ಕಾಗ ಬಸ್ ಹತ್ತಿ ಹೋದ್ರ ನನ್ನ ಸಣ್ಣ ಮಗಳು ಬಾಗಲದಾಗೇ ನನ್ನ ನೋಡಿ, "ಅವ್ವಾ, ಪಾವ್ಣ್ಯಾರು ಬಂದಾರ" ಅಂತಾಳ. ಹೆತ್ತ ಅಪ್ಪಗ ನೆಂಟ ಅನ್ನೋ ಮಾತು! ನಮ್ಮ ಮಿಲ್ಲಿಂದು ಉಮರ್ಗಾದಾಗೂ ಅಂಗಡಿ ಅದ, ಅಲ್ಲಿಗಿ ಬದ್ಲಿ ಮಾಡ್ರಿ ಅಂತ ಸಾವ್ಕಾರ್ರಿಗಿ ಕೇಳಿ ಕೇಳಿ ನನ್ನ ನಾಲಿಗಿ ಸವದು ಹೋಗ್ಯಾದ.

೧. ಕಾಪಿ

ಸಾವ್ಕಾರ್ರಿಗಿ ಇಬ್ಬರು ಗಂಡ ಮಕ್ಕಳು. ಹಿರಿಯಂವಾ ಉಮರ್ಗಾದ ಅಂಗಡಿ ನೋಡ್ತಾನ, ಕಿರಿಯಂವಾ ನಿಲಂಗಾದ್ದು. ಇಬ್ಬರೂ ಕೂಡಿ ಇ-ಮೇಲ್‌ನಾಗ ಏನೋ ಮಸಲತ್ತು ನಡಸ್ಯಾರಂತ ಸಾವ್ಕಾರ್ರಿಗಿ ಸಂಶಯ. ಒಂದಿನ ನನ್ನ ಕರದು, ಅವರಿಬ್ಬರು ಬರಕೊಳ್ಳೋ ಪ್ರತಿಯೊಂದು ಇ-ಮೇಲ್‌ದ ಕಾಪಿ ತಮಗ ಬರಬೇಕು, ಅವರಿಗಿ ಸುಳಿವು ಹತ್ತಬಾರದು ಅಂದ್ರು. ಇದೊಂದು ಮಾಡಿಕೊಟ್ರ ಉಮರ್ಗಾದ ವಿಚಾರ ಮಾಡೋಣು ಅಂತನೂ ಅಂದ್ರು.

ಉಮರ್ಗಾ ಅಂದಕೂಡ್ಲೇ ನಾ ಊಟಾ ಬಿಟ್ಟು ಕುಂತೆ. ಸರ್ವರಿನಾಗ ನಿಯಮ ಬರದೆ: ಅಣ್ಣ ತಮ್ಮಗ ಬರದ್ರೂ, ತಮ್ಮ ಅಣ್ಣಗ ಬರದ್ರೂ, ಒಂದು ನಕಲು ಅಪ್ಪಗ. ಸಂಜಿಗೇ ಮೊದಲ ಕಾಪಿ ಬಂತು. ಕುಣಕೋತ ಹೋಗಿ ತೋರಿಸ್ದೆ.

ಸಾವ್ಕಾರ್ರು ಪರದೆ ನೋಡಿದ್ರು, ನನ್ನ ಮಾರಿ ನೋಡಿದ್ರು. "ಇಷ್ಟು ಸಣ್ಣ ಅಕ್ಷರ ನನಗೆಲ್ಲಿ ಕಾಣಸ್ತಾವ? ನೀನೇ ಓದಿ ಹೇಳು" ಅಂದ್ರು.

೨. ಓದು

ಭೂಕಂಪ ಆದಾಗಿನಿಂದ ನಮ್ಮ ಸಾವ್ಕಾರ್ರು ಸ್ಲ್ಯಾಬಿನ ಕೆಳಗ ಕುಂಡ್ರೂದಿಲ್ಲ. ಕಿಲ್ಲಾರಿ ಕಡಿ ಮನಿ ಕುಸದು ಏನೇನು ಆತು ಅಂತ ಕಣ್ಣಲೇ ನೋಡಿ ಬಂದಾರ, ತಪ್ಪು ಅನ್ನೂಹಂಗೂ ಇಲ್ಲ. ಹಿಂಗಾಗಿ ಅವರ ಗಾದಿ ಮಿಲ್ಲಿನ ಅಂಗಳದಾಗ, ತಗಡಿನ ಛಪ್ಪರದ ಕೆಳಗ. ನಾಕೂ ಕಡಿ ಬಯಲು. ಸುತ್ತ ಹಮಾಲ್ರು, ಲಾರಿ ಡ್ರೈವರ್‌ಗಳು, ಬ್ಯಾಳಿ ಹಸನ ಮಾಡೋ ಹೆಣ್ಮಕ್ಕಳು. ಮ್ಯಾಲೆ ಸಾವ್ಕಾರ್ರಿಗಿ ಕಿವಿ ಜರಾ ಮಂದ.

ಗುಪ್ತ ಇ-ಮೇಲ್, ಬಯಲಿನಾಗ, ಗಂಟಲು ಹರಕೊಂಡು ಓದಬೇಕು. ನನ್ನ ಹಣೇಬರ ನೋಡ್ರಿ.

"ಅಪ್ಪ ಹೇಳೋ ದರಕ್ಕ ಯಾರೂ ತೊಗರಿ ಕೊಡೂದಿಲ್ಲ" ಅಂತ ಹಿರಿಯಂವಾ ಬರದಿದ್ದ. ಅಷ್ಟು ಓದೂದ್ರಾಗ ಹಿಂದಿನಿಂದ ಒಬ್ಬ ಹಮಾಲ ಚೀಲ ಇಳಿಸಿ, ಖರೇ ಅದ ಅಂದ. ಮರುದಿನದಿಂದ ಎಲ್ಲಾರೂ ನಾ ಓದೋ ಹೊತ್ತಿಗೇ ಚಹಾ ಕುಡೀಲಾಕ ಶುರು ಮಾಡಿದ್ರು. ಕಾಪಿ ಬರಲಾರದ ದಿನ ಹೆಣ್ಮಕ್ಕಳೇ ನನ್ನ ಕೇಳೋರು: "ಯಾಕ್ರೀ, ಸಣ್ಣ ಸಾವ್ಕಾರ್ರು ಇನ್ನಾ ಜವಾಬ ಬರದಿಲ್ಲೇನು?"

೩. ಕಾಪಿಯ ಕಾಪಿ

ಅಷ್ಟ್ರಾಗ ಉಮರ್ಗಾದಿಂದ ಹಿರಿಯಂವಾ ಫೋನ್ ಮಾಡ್ದ. ಅಪ್ಪಗೂ ತಮ್ಮಗೂ ನಡುವ ಏನು ಮೇಲ್ ಹೋದ್ರೂ ತನಗೊಂದು ಕಾಪಿ ಬೇಕು, ಯಾರಿಗೂ ಹೇಳಬ್ಯಾಡ ಅಂದ. ನಾಳೆ ಅಂವನ ಕೈಕೆಳಗೇ ಇರೋದದ, ಒಲ್ಲೆ ಅಂತ ಹ್ಯಾಂಗ ಅನ್ಲಿ? ಅದನ್ನೂ ಬರದೆ.

ಮುಂಜಾನೆ ಕಿರಿಯಂವಾ ಅಣ್ಣಗ ಒಂದು ಸಾಲು ಬರದ: "ಒಂದು ಲಾರಿ ಬ್ಯಾಳಿ ಕಳಸು." ಅದರ ಕಾಪಿ ಅಪ್ಪಗ ಹೋತು. ತಮ್ಮನ ಮೇಲ್ ಅಪ್ಪಗ ಹೋತು ಅಂತ ಸರ್ವರ್ ಅಣ್ಣಗೊಂದು ಕಾಪಿ ಕಳಿಸ್ತು. ಅಣ್ಣಗ ಹೋತು ಅಂತ ಮತ್ತ ಅಪ್ಪಗೊಂದು. ಗಾಣದ ಎತ್ತಿನಂಗ ತಿರಗಲಾಕ ಹತ್ತಿತು. ನಾ ಬಂದು ಬಂದ್ ಮಾಡೂದ್ರಾಗ ಉಮರ್ಗಾದ ಮುನೀಮ ಪ್ರತಿ ಕಾಪಿಗೊಂದು ಲಾರಿ ತುಂಬಿಸಿ ಗೋದಾಮು ಖಾಲಿ ಮಾಡಿದ್ದ. ನಿಲಂಗಾದ ರಸ್ತಾದಾಗ ಬಸ್ಸಿಗೂ ಹಾದಿ ಇಲ್ಲ. ಇನ್ನ ನನ್ನ ಕೆಲಸ ಹೋತು, ಉಮರ್ಗಾನೂ ಹೋತು ಅಂದ್ಕೊಂಡೆ.

ಸುದ್ದಿ ಕೇಳಿ ಸಾವ್ಕಾರ್ರು ಮೀಸಿ ಮ್ಯಾಲೆ ಕೈ ಆಡಿಸಿದ್ರು. "ಸಣ್ಣಂವಾ ಇಷ್ಟು ಮಾಲು ತರಸ್ಯಾನಂದ್ರ, ಕಡೀಗೂ ವ್ಯಾಪಾರ ಕಲ್ತ" ಅಂದ್ರು.

೪. ಬದ್ಲಿ

ಆ ಖುಷಿದಾಗೇ ನನಗ ಸೋಮವಾರದಿಂದ ಉಮರ್ಗಾಕ್ಕ ಹೋಗು ಅಂದ್ರು. ನಾ ಹಿರಿಯಂವನ ಕಾಪಿ ನಿಯಮ ತಗದುಹಾಕಿದೆ, ಅಪ್ಪಂದು ಹಂಗೇ ಬಿಟ್ಟೆ. ಟ್ರಂಕ್ ಕಟ್ಟಿದೆ. ಹೆಂಡ್ತಿ ಜರಾ ದೊಡ್ಡ ಖೋಲಿ ಬಾಡಿಗಿಗಿ ಹಿಡದಳು. ಇನ್ನ ಪಾವ್ಣ್ಯಾರಲ್ಲ, ಅಪ್ಪ ಬರ್ತಾನಂತ ಮಗಳಿಗಿ ಫೋನಿನಾಗ ಹೇಳ್ದೆ. ಖರೇ ಹೇಳ್ತೀನಿ, ಅವತ್ತು ನನ್ನ ಕಣ್ಣಾಗ ನೀರು ಬಂತು.

ಶನಿವಾರ ಒಂದು ಕಾಪಿ ಬಂತು. ಹಮಾಲ್ರು ಚಹಾ ಹಿಡದು ಕುಂತಿದ್ರು. ಹಿರಿಯಂವಾ ತಮ್ಮಗ ಬರದಿದ್ದ: "ಅಪ್ಪ ಆ ಕಂಪ್ಯೂಟರ್‌ದಂವನ್ನ ನನ್ನ ಕಡಿ ಕಳಸ್ಲಾಕತ್ಯಾರ. ನಮ್ಮ ಮೇಲ್ ಎಲ್ಲಾ ಅಪ್ಪಗ ಓದಿ ಹೇಳೋಂವಾ ಅಂವನೇ ಅಂತ, ಲಾರಿ ಡ್ರೈವರ್ ಹೇಳ್ದ. ಅಂವಾ ಇಲ್ಲಿ ಕಾಲಿಟ್ರ ನಾ ಅಂಗಡಿಗಿ ಕೀಲಿ ಹಾಕ್ತೀನಿ."

ನಾ ದನಿ ಇಳಿಸಿ ಮುಂದ ಓದಿದೆ. ಕೆಳಗ ತಮ್ಮನ ಜವಾಬ ಇತ್ತು: "ಅಣ್ಣಾ, ಇದನ್ನೂ ಅಂವನೇ ಓದ್ಲಾಕ ಹತ್ತಿರ್ತಾನ. ಶರಣ್ರೀ ಸಾಹೇಬ್ರ, ಟ್ರಂಕ್ ಬಿಚ್ಚಿಡ್ರಿ."

ಅಂಗಳದಾಗ ಯಾರೂ ಚಹಾ ಕುಡೀಲಿಲ್ಲ. ಎಲ್ಲಾರಿಗೂ ಕೇಳಿಸಿತ್ತು.

ಸಾವ್ಕಾರ್ರು ಕಿವಿಗಿ ಕೈ ಹಚ್ಚಿ ನನ್ನ ಕಡಿ ಬಾಗಿದ್ರು.

"ಏನಂದಿ? ಜರಾ ಜೋರ ಓದು."