ವೆಸ್ಟ್‌ಮೀಡಿನ ಅಂತರ್ಯುದ್ಧ

ಅಮೆರಿಕದವರು ನಾಲ್ಕು ವರ್ಷಗಳಲ್ಲಿ ಹೊಡೆದಾಡಿ ಮುಗಿಸಿದ ಅಂತರ್ಯುದ್ಧವನ್ನು ನಮ್ಮ ಸೋದರಮಾವ ಸಿಡ್ನಿಯ ವೆಸ್ಟ್‌ಮೀಡಿನಲ್ಲಿ, ಎರಡು ಬೆಡ್‌ರೂಮಿನ ಬಾಡಿಗೆ ಫ್ಲಾಟಿನಲ್ಲಿ, ಏಳು ವರ್ಷ ನಡೆಸಿದರು. ಅಲ್ಲಿ ಉತ್ತರದವರು ಗೆದ್ದರು. ಇಲ್ಲಿ ದಕ್ಷಿಣ ಗೆದ್ದಿತು. ನಮ್ಮ ದಕ್ಷಿಣ ಎಂದರೆ ಮೆಲ್ಬರ್ನ್!

ಏಳು ವರ್ಷವೋ, ಆರೋ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದಕ್ಕೆ ಕತೆ ಕಟ್ಟುವ ಚಟವಿದೆ. ಎಲ್ಲಿ ಕೊಂಡಿ ಸಿಗುವುದಿಲ್ಲವೋ ಅಲ್ಲಿ ಒಂದು ತಮಾಷೆ ತುರುಕಿ ಮುಂದಕ್ಕೆ ಹೋಗಿಬಿಡುತ್ತದೆ. ಆದರೆ ಮಾವನ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಲು ಯಾರಿಗಾದರೂ ಜಾಗ ಎಲ್ಲಿತ್ತು? ಆ ಕೆಲಸವನ್ನೆಲ್ಲ ಅವರೇ ಮಾಡಿ ಮುಗಿಸಿದ್ದರು.

ಮಾವ ಮೈಸೂರಿನವರು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತದ ಸ್ಲೈಡುಗಳನ್ನು ನೋಡುವ ಡಾಕ್ಟರು. ಅತ್ತೆ ಹತ್ತಿರದ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದರು. ಒಬ್ಬಳೇ ಮಗಳು ಮೆಲ್ಬರ್ನಿನಲ್ಲಿ ಲಾಯರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಓದಲೆಂದು ಸಿಡ್ನಿಗೆ ಬಂದಾಗ, ವಾರಕ್ಕೆರಡು ದಿನ ನನ್ನ ಊಟ ಈ ದಂಪತಿಗಳ ಮನೆಯಲ್ಲಿ. ಊಟಕ್ಕೆ ಪ್ರತಿಯಾಗಿ ನಾನು ಯುದ್ಧ ಕೇಳಬೇಕಿತ್ತು.

ಯುದ್ಧ ಮನೆಗೆ ಬಂದದ್ದು ಹೀಗೆ. ಯಾವುದೋ ಶಾಲೆಯ ಮೈದಾನದಲ್ಲಿ ಹಳೆಯ ಸಾಮಾನುಗಳ ಮಾರಾಟವಿತ್ತು. ಇಸ್ತ್ರಿ ಮಾಡುವ ಮೇಜು ತನ್ನಿ ಎಂದು ಅತ್ತೆ ಮಾವನನ್ನು ಕಳಿಸಿದರು. ಮಾವ ಅಮೆರಿಕದ ಅಂತರ್ಯುದ್ಧದ ಇತಿಹಾಸ ತಂದರು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಅದರಲ್ಲಿ ಒಂದೇ ಒಂದು ದೋಷವಿತ್ತು. ಮೂರು ವಾಲ್ಯೂಮುಗಳಲ್ಲಿ ಅದು ಎರಡನೆಯದು!

ಹಾಗಾಗಿ ಮಾವ ಯುದ್ಧದ ನಡುವಿನಿಂದ ಯುದ್ಧಕ್ಕೆ ಇಳಿದರು. ಆಂಟಿಟಮ್ಮಿನ ಜೋಳದ ಹೊಲ, ಫ್ರೆಡರಿಕ್ಸ್‌ಬರ್ಗಿನ ಕಲ್ಲುಗೋಡೆ, ಗೆಟಿಸ್‌ಬರ್ಗಿನ ಮೂರು ದಿನ, ಎಲ್ಲ ಅವರಿಗೆ ನಮ್ಮ ದೇವರಾಜ ಮಾರ್ಕೆಟ್ಟಿನಷ್ಟು ಪರಿಚಯವಾಯಿತು. ಯಾವ ದಂಡು ಯಾವ ಬೆಟ್ಟದ ಹಿಂದೆ ಎಷ್ಟು ಹೊತ್ತಿಗೆ ಹೊರಟಿತು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಆದರೆ ಅತ್ತೆ ಸಾರು ಬಡಿಸುತ್ತ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಅಲ್ಲ, ಅವರು ಯಾಕೆ ಹೊಡೆದಾಡಿದ್ದು?"

"ಅದು ಫಸ್ಟ್ ವಾಲ್ಯೂಮಲ್ಲಿದೆ."

ಮೊದಲನೆಯ ವಾಲ್ಯೂಮನ್ನು ಹುಡುಕುವ ಗೋಜಿಗೆ ಅವರು ಹೋಗಲಿಲ್ಲ. ಗುಲಾಮಗಿರಿಯ ವಿಷಯವಂತೆ, ಎಲ್ಲರಿಗೂ ಗೊತ್ತಿರುವುದೇ, ಅದರಲ್ಲಿ ಓದುವುದೇನಿದೆ ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ಫಿರಂಗಿ.

ಮಾವನ ತಟ್ಟೆಯಲ್ಲಿ ಅನ್ನ ಎಂದೂ ಅನ್ನವಾಗಿರುತ್ತಿರಲಿಲ್ಲ. ಅದು ದಿಬ್ಬ. ಹುಳಿ ನದಿ. ಹಪ್ಪಳ ಮುರಿದ ಸೇತುವೆ. ಒಂದು ದಿನ ಪುಸ್ತಕದ ಅಡಿಟಿಪ್ಪಣಿಯೊಂದರಿಂದ ಹೊಸ ಸಂಗತಿ ಹೆಕ್ಕಿ ತಂದರು. ಮೊದಲ ದೊಡ್ಡ ಕಾಳಗವನ್ನು ನೋಡಲು ರಾಜಧಾನಿಯ ದೊಡ್ಡ ಮನುಷ್ಯರು ಕುದುರೆಗಾಡಿ ಕಟ್ಟಿಕೊಂಡು, ತಿಂಡಿಯ ಬುಟ್ಟಿ ಹಿಡಿದು, ಪಿಕ್‌ನಿಕ್ಕಿನ ಹಾಗೆ ಹೋಗಿದ್ದರಂತೆ. ಸಂಜೆ ಹೊತ್ತಿಗೆ ಸೋತ ಸೈನಿಕರ ಜೊತೆ ಅವರೂ ಬಿದ್ದು ಎದ್ದು ಓಡಿ ಬಂದರಂತೆ. ಮಾವ ಹೇಳಿ ಹೇಳಿ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ.

"ಆ ಬುಟ್ಟಿ ಕಟ್ಟಿಕೊಟ್ಟವರು ಯಾರು?" ಎಂದರು.

ಅಡಿಟಿಪ್ಪಣಿಯಲ್ಲಿ ಅದಿರಲಿಲ್ಲ.

ಪ್ಯಾರಮ್ಯಾಟಾದ ಪಾರ್ಕಿನಲ್ಲಿ ಕನ್ನಡದ ಹದಿನೈದು ಇಪ್ಪತ್ತು ಕುಟುಂಬಗಳು ಸೇರಿದ ದಿನವನ್ನು ಹೇಗೆ ಬಿಡಲಿ? ಬಿಸಿಬೇಳೆಬಾತು ಮುಗಿದು ಗಂಡಸರು ಮರದ ಕೆಳಗೆ ಕಾಲು ಚಾಚಿ ಮಾರ್ಟ್‌ಗೇಜ್ ಮಾತಾಡುತ್ತಿದ್ದರು. ಮಾವನಿಗೆ ಎದುರಿನ ಹುಲ್ಲುಗಾವಲು ಕಾಣಿಸಿತು. ಗೆಟಿಸ್‌ಬರ್ಗಿನ ಮೂರನೆಯ ದಿನ ದಕ್ಷಿಣದವರು ಇಂಥದೇ ಬಯಲನ್ನು ದಾಟಿ ನುಗ್ಗಿದ್ದು, ಎದುರಿನಿಂದ ಗುಂಡಿನ ಮಳೆ ಸುರಿದದ್ದು, ಸಾಲುಸಾಲಾಗಿ ಬಿದ್ದದ್ದು, ಇದನ್ನೆಲ್ಲ ಕೂತು ಕೇಳಿದರೆ ಅರ್ಥವಾಗುವುದಿಲ್ಲ, ಓಡಿಯೇ ನೋಡಬೇಕು ಎಂದು ಹಟ ಹಿಡಿದರು. ಹದಿನಾಲ್ಕು ಮಂದಿ ಡಾಕ್ಟರು, ಎಂಜಿನಿಯರುಗಳು ಹೊಟ್ಟೆ ಹಿಡಿದುಕೊಂಡು ಹೊರಟರು. ಅರ್ಧ ದಾರಿಯಲ್ಲಿ ಒಬ್ಬರ ಪಾದ ಉಳುಕಿತು, ಇಬ್ಬರು ಕೂತೇಬಿಟ್ಟರು, ಒಬ್ಬರು ಪಕ್ಕದಲ್ಲಿ ಕ್ರಿಕೆಟ್ ಆಡುತ್ತಿದ್ದವರ ಜೊತೆ ಸೇರಿಕೊಂಡರು. ಆ ತುದಿಗೆ ಒಬ್ಬರೂ ಮುಟ್ಟಲಿಲ್ಲ. ಮರದ ಕೆಳಗೆ ನಿಂತು ನೋಡುತ್ತಿದ್ದ ಮಾವನ ಮುಖದಲ್ಲಿ ಪರಮ ತೃಪ್ತಿ!

"ನೋಡಿದ್ರಾ? ಅವತ್ತೂ ಕರೆಕ್ಟಾಗಿ ಹೀಗೇ ಆಗಿದ್ದು."

ಇಷ್ಟಕ್ಕೇ ನಿಂತಿದ್ದರೆ ಅಂತರ್ಯುದ್ಧ ಹೊರಗಿನ ಯುದ್ಧವಾಗಿಯೇ ಉಳಿಯುತ್ತಿತ್ತು. ಮಾವ ನವರಾತ್ರಿಯ ಗೊಂಬೆಗಳ ಮೇಲೆ ಕಣ್ಣು ಹಾಕಿದರು.

ಅತ್ತೆ ಪ್ರತಿ ವರ್ಷ ಹಾಲ್‌ನಲ್ಲಿ ಏಳು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದರು. ರಟ್ಟಿನ ಪೆಟ್ಟಿಗೆಗಳು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಾವನ ಮದುವೆಯ ಪಂಚೆ. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಅಂದರೆ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ ರಾಣಿ. ಆ ಜೋಡಿಯನ್ನು ಅತ್ತೆ ಮೈಸೂರಿನಿಂದ ರೇಷ್ಮೆ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಒಂದು ವರ್ಷ ಮಾವ ಕೆಳಗಿನ ಮೆಟ್ಟಿಲನ್ನು ಕೇಳಿದರು. ಹೋಗಲಿ ಎಂದು ಅತ್ತೆ ಬಿಟ್ಟುಕೊಟ್ಟರು. ಪ್ಲಾಸ್ಟಿಕ್ ಸೈನಿಕರು ಬಂದರು. ಉತ್ತರದವರದು ನೀಲಿ ಸಮವಸ್ತ್ರ, ದಕ್ಷಿಣದವರದು ಬೂದು. ನೀಲಿಗೆ ಮಾವ ಲ್ಯಾಬಿನಲ್ಲಿ ಸ್ಲೈಡಿಗೆ ಹಚ್ಚುವ ಬಣ್ಣ ತಂದರು, ಬೂದಿಗೆ ದೇವರ ಮುಂದಿನ ಊದುಬತ್ತಿಯ ಬೂದಿ. ಆ ಒಂಬತ್ತು ದಿನವೂ ಅವರ ಕೈಯಲ್ಲಿ ಕಲಸಿದ ಮೊಸರನ್ನ ಆಕಾಶದ ಬಣ್ಣಕ್ಕೆ ತಿರುಗುತ್ತಿತ್ತು. ಮರುವರ್ಷ ಎರಡು ಮೆಟ್ಟಿಲು. ಅದರ ಮರುವರ್ಷ ನಾಲ್ಕು. ಪ್ರತಿ ಸಲವೂ ಹೋಗಲಿ ಎಂದವರು ಅತ್ತೆ. ಶೆಟ್ಟಿ ಶೆಟ್ಟಮ್ಮ ಗೊಂಬೆಗಳ ಅಂಗಡಿ ಫ್ರಿಜ್ ಮೇಲಕ್ಕೆ ಹೋಯಿತು. ದಶಾವತಾರ ಟೀವಿಯ ಹಿಂದೆ ಅವಿತುಕೊಂಡಿತು.

ಕೊನೆಯ ವರ್ಷ ಸರಸ್ವತಿ ಪೂಜೆಯ ದಿನ. ಅತ್ತೆ ಕೆಲಸಕ್ಕೆ ರಜೆ ಹಾಕದೆ, ಬೆಳಗ್ಗೆ ನಾಲ್ಕಕ್ಕೆದ್ದು ಹದಿನೈದು ಮಂದಿಗೆ ಉಸ್ಲಿ, ಸಜ್ಜಪ್ಪ ಮಾಡಿಟ್ಟು, ಆಫೀಸಿಗೆ ಹೋಗಿ, ಸಂಜೆ ಅರಿಶಿನ ಕುಂಕುಮಕ್ಕೆ ಕರೆದ ಹೆಂಗಸರ ಜೊತೆಯಲ್ಲೇ ಬಾಗಿಲು ತೆಗೆದರು. ಏಳು ಮೆಟ್ಟಿಲೂ ಗೆಟಿಸ್‌ಬರ್ಗ್. ಉಸ್ಲಿಯ ಕಡಲೆಕಾಳು ಫಿರಂಗಿಗಳ ಪಕ್ಕದಲ್ಲಿ ಗುಡ್ಡೆಯಾಗಿತ್ತು. ರಾಜ ಉತ್ತರದ ದಂಡನಾಯಕನಾಗಿ ಗೋಡೆಯ ಈ ಮೂಲೆಯಲ್ಲಿ ನಿಂತಿದ್ದ. ರಾಣಿ ದಕ್ಷಿಣದ ದಂಡನಾಯಕಿಯಾಗಿ ಆ ಮೂಲೆಯಲ್ಲಿ, ಮುಖ ತಿರುಗಿಸಿಕೊಂಡು!

ಪಟ್ಟದ ಗೊಂಬೆಗಳನ್ನು ಬೇರೆ ಮಾಡಬಾರದು ಎಂದು ಯಾವ ಪುಸ್ತಕದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಮೈಸೂರಿನ ಕಡೆಯ ಯಾವ ಹೆಂಗಸಿಗೂ ಅದನ್ನು ಪುಸ್ತಕದಲ್ಲಿ ಓದುವ ಅಗತ್ಯವಿಲ್ಲ. ಬಂದವರೆಲ್ಲ ಬಾಗಿಲ ಹತ್ತಿರವೇ ನಿಂತುಬಿಟ್ಟರು. ಮಾವ ಮಾತ್ರ ಕೈಯಲ್ಲಿ ಕೋಲು ಹಿಡಿದು ಎರಡನೆಯ ದಿನದ ಕಾಳಗ ವಿವರಿಸಲು ಶುರು ಮಾಡಿದರು. ಅತ್ತೆ ಹೆಂಗಸರಿಗೆ ಕುಂಕುಮ ಕೊಟ್ಟು ಕಳಿಸಿದರು. ಆಮೇಲೆ ರಾಜನನ್ನೂ ರಾಣಿಯನ್ನೂ ಇಳಿಸಿ ಅದೇ ರೇಷ್ಮೆ ಸೀರೆಯಲ್ಲಿ ಸುತ್ತಿದರು. ಮರುದಿನ ಬೆಳಗಿನ ರೈಲಿಗೆ ಮೆಲ್ಬರ್ನಿಗೆ ಹೊರಟರು. ಮಗಳ ಮನೆಗೆ ಹೋಗುತ್ತೇನೆ ಎಂದಷ್ಟೇ ಹೇಳಿದರು, ಯಾವಾಗ ಬರುತ್ತೇನೆ ಎಂದು ಹೇಳಲಿಲ್ಲ.

ಒಂದು ವಾರ ಮಾವ ಗೆದ್ದವರ ಹಾಗೆ ಓಡಾಡಿದರು. ಎರಡನೆಯ ವಾರ ಉಪ್ಪು ಎಲ್ಲಿದೆ ಎಂದು ಕೇಳಲು ನನಗೆ ಫೋನ್ ಮಾಡಿದರು. ಆ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ವಾರಕ್ಕೆರಡು ದಿನದ ಅತಿಥಿಯಾದ ನನಗೆ ಗೊತ್ತಿತ್ತು! ಮೆಲ್ಬರ್ನಿಗೆ ಫೋನ್ ಮಾಡಿದಾಗಲೆಲ್ಲ ಮಗಳೇ ಎತ್ತಿಕೊಂಡು, "ಅಮ್ಮ ಈಸ್ ಅಟ್ ಸ್ವಿಮ್ಮಿಂಗ್, ಅಪ್ಪಾ" ಎನ್ನುತ್ತಿದ್ದಳಂತೆ. ಮಾವ ಅದನ್ನು ಯಾರೋ ಸತ್ತ ಸುದ್ದಿಯ ಹಾಗೆ ನನಗೆ ತಿಳಿಸಿದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು ಒಂದು ದಿನವೂ ನೀರಿಗೆ ಇಳಿದವಳಲ್ಲ, ಇಳಿಯುವ ಆಸೆಯಿತ್ತು ಎಂದೂ ಹೇಳಿದವಳಲ್ಲ, ಈಗ ಐವತ್ತೆರಡನೆಯ ವಯಸ್ಸಿನಲ್ಲಿ ಈಜುತ್ತಿದ್ದಾಳೆ ಎಂದರೆ ಏನರ್ಥ? ಅತ್ತೆ ಇನ್ನು ಬರುವುದೇ ಇಲ್ಲವೇನೋ ಎಂಬುದು ಅದರ ಅರ್ಥ, ಮತ್ತು ಅದು ಮಾವನಿಗೂ ಹೊಳೆದಿತ್ತು.

ನಾನು ಹೋದಾಗ ಅವರು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಚಟ್ನಿಪುಡಿಯ ಡಬ್ಬಿ ತಳ ಕಂಡಿತ್ತು. ಮಿಸಿಸಿಪ್ಪಿಯ ದಂಡೆಯ ವಿಕ್ಸ್‌ಬರ್ಗಿಗೆ ಉತ್ತರದವರು ಮುತ್ತಿಗೆ ಹಾಕಿದಾಗ, ಊಟಕ್ಕೆ ಗತಿಯಿಲ್ಲದೆ ಹೇಸರಗತ್ತೆ ತಿಂದುಕೊಂಡು ಒಳಗಿನವರು ನಲವತ್ತೇಳು ದಿನ ತಡೆದರು ಎಂದು ತಾವಾಗಿಯೇ ಹೇಳಿದರು.

"ಕೊನೆಗೆ ಶರಣಾದರಲ್ಲ, ಮಾವ?"

"ಅದನ್ನೇ ಯೋಚಿಸ್ತಿದೀನಿ."

ಅದೇ ವಾರ ಅವರು ಲೈಬ್ರರಿಯಿಂದ ಮೊದಲನೆಯ ವಾಲ್ಯೂಮ್ ತಂದರು. ಮುಂದಿನ ಶನಿವಾರ ಹೋದರೆ ಮನೆ ಸದ್ದಿಲ್ಲದೆ ಇತ್ತು. ಸೈನಿಕರೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿದ್ದರು. ಮಾವ ನನಗೆ ಅನ್ನ ಬಡಿಸಿದರು. ಒಂದು ಕಡೆ ಬೆಂದು ಮುದ್ದೆಯಾಗಿತ್ತು, ಇನ್ನೊಂದು ಕಡೆ ಅಕ್ಕಿಯಾಗಿಯೇ ಉಳಿದಿತ್ತು.

"ಅದರಲ್ಲಿ ಯುದ್ಧಾನೇ ಇಲ್ಲ ಕಣೋ. ಮುನ್ನೂರು ಪೇಜ್ ಆದಮೇಲೆ ಮೊದಲನೇ ಗುಂಡು. ಅಲ್ಲೀವರೆಗೆ ಬರೀ ಕೆಲಸ ಮಾಡೋರು."

ಆಮೇಲೆ ಅವರು ಹೇಳಿದ್ದನ್ನು ನಾನು ಇಲ್ಲಿ ಒಟ್ಟುಗೂಡಿಸುತ್ತಿದ್ದೇನೆ, ಅವರು ತುಂಡು ತುಂಡಾಗಿ ಹೇಳಿದ್ದರು. ಹತ್ತಿ ಬಿಡಿಸುವವರು, ಇನ್ನೊಬ್ಬರ ಮಗುವಿಗೆ ಹಾಲೂಡಿಸುವವರು, ಸಂತೆಯಲ್ಲಿ ತಾಯಿ ಒಬ್ಬನಿಗೆ, ಮಗು ಇನ್ನೊಬ್ಬನಿಗೆ ಮಾರಾಟವಾದವರು. ಹೊಸ ರಾಜ್ಯ ಸೇರಿದಾಗಲೆಲ್ಲ ಅಲ್ಲಿ ಗುಲಾಮರಿರಬೇಕೋ ಬೇಡವೋ ಎಂದು ಜಗಳ. ಜಗಳವಾದಾಗಲೆಲ್ಲ ಒಂದು ರಾಜಿ. ತಪ್ಪಿಸಿಕೊಂಡು ಓಡಿದವರನ್ನು ಹಿಡಿದು ವಾಪಸ್ಸು ಕೊಡುವುದಕ್ಕೂ ಒಂದು ಕಾನೂನು. ಕೊನೆಗೆ ಯಾವ ರಾಜಿಗೂ ಜಾಗ ಉಳಿಯದೆ ಹನ್ನೊಂದು ರಾಜ್ಯಗಳು ಎದ್ದು ಹೊರಟವು.

"ಅಷ್ಟು ರಾಜಿ ಮಾಡಿಕೊಂಡ್ರಲ್ಲ, ಒಂದು ಸಲಾನಾದ್ರೂ ಆ ಕೆಲಸದೋರನ್ನ ಏನಪ್ಪಾ ಅಂತ ಕೇಳಲಿಲ್ಲ ನೋಡು" ಎಂದು ಹೇಳಿ, ನನ್ನ ತಟ್ಟೆ ತೆಗೆದುಕೊಂಡು ಹೋಗಿ ತೊಳೆದರು. ಹಾಗೆ ತೊಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ನಾವಿಬ್ಬರೂ ಕಾರಿನಲ್ಲಿ ಮೆಲ್ಬರ್ನಿಗೆ ಹೊರಟೆವು. ಒಂಬೈನೂರು ಕಿಲೋಮೀಟರ್ ಉದ್ದಕ್ಕೂ ಮಾವ ಶರಣಾಗತಿಯ ಭಾಷಣವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಆಲ್ಬರಿಯಲ್ಲಿ ಮರ್ರೆ ನದಿ ದಾಟುವಾಗ ಮಾತ್ರ ಬಾಯಿ ಮುಚ್ಚಿಕೊಂಡರು. ಆಚೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ, ಶತ್ರುವಿನ ನೆಲ.

ಮಗಳ ಮನೆಯ ಬಾಗಿಲು ತೆಗೆದ ಅತ್ತೆಯ ಕೂದಲು ಒದ್ದೆಯಾಗಿತ್ತು. ಮಾವ ಭಾಷಣ ಮರೆತರು. ನಿನ್ನನ್ನು ಇಷ್ಟು ವರ್ಷ ಗುಲಾಮಳ ಹಾಗೆ ದುಡಿಸಿಕೊಂಡೆ ಎಂದು ಚಪ್ಪಲಿ ಬಿಚ್ಚುವ ಮೊದಲೇ ಹೇಳಿಬಿಟ್ಟರು. ಅತ್ತೆಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

"ಸುಮ್ಮನಿರಿ. ಅವರ ಕಷ್ಟ ತಂದು ನನ್ನ ತಲೆಗೆ ಕಟ್ಟಬೇಡಿ. ಟಿಕೆಟ್ ತಗೊಂಡು ಎದ್ದು ಹೊರಡೋಕೆ ಅವರಿಗೆ ಆಗ್ತಿತ್ತಾ? ನಾನು ತಗೊಂಡೆ, ಹೊರಟೆ. ನೀವು ನನ್ನನ್ನ ನೋಡಿದ್ದು ಗೋಡೆ ಮೇಲಿನ ಗಡಿಯಾರದ ಹಾಗೆ. ಬೇಕಾದಾಗ ಮಾತ್ರ ತಲೆ ಎತ್ತಿದ್ರಿ."

ಮಾವ ತಲೆ ತಗ್ಗಿಸಿಯೇ ನಿಂತಿದ್ದರು. ಮಗಳು "ಅಪ್ಪಾ, ಸಿಟ್" ಎಂದಳು. ಕೂರಲಿಲ್ಲ.

"ಕೊನೆಗೂ ಯಾಕಂತೆ ಅವರು ಹೊಡೆದಾಡಿದ್ದು?" ಅತ್ತೆ ಕೇಳಿದರು.

"ದುಡಿಸಿಕೊಳ್ಳೋದನ್ನ ಬಿಡೋಕೆ ಒಪ್ಪಲಿಲ್ಲ."

"ಇಷ್ಟಕ್ಕೆ ಮೂರು ವಾಲ್ಯೂಮ್ ಬೇಕಾಯ್ತಾ?"

ಅತ್ತೆ ಬರುತ್ತಾರೋ ಇಲ್ಲವೋ ಆ ರಾತ್ರಿ ನಮಗೆ ಗೊತ್ತಾಗಲಿಲ್ಲ. ಬೆಳಗ್ಗೆ ಕಾಫಿ ಕೊಡದೆ, ಕಾಫಿ ಎಲ್ಲಿದೆ ಎಂದು ತೋರಿಸಿ, ಷರತ್ತುಗಳನ್ನು ಹೇಳಿದರು. ಗುರುವಾರದ ಸ್ವಿಮ್ಮಿಂಗ್ ಸಿಡ್ನಿಯಲ್ಲೂ ನಡೆಯುತ್ತದೆ, ಗುರುವಾರದ ಅಡುಗೆ ಮಾವನದು, ಏಳು ಮೆಟ್ಟಿಲಲ್ಲಿ ಅರ್ಧ ಮೆಟ್ಟಿಲೂ ಸಿಗುವುದಿಲ್ಲ. ಮಾವ ಎಲ್ಲಕ್ಕೂ ಒಪ್ಪಿದರು. ಭಾನುವಾರವನ್ನೂ ಸೇರಿಸು ಎಂದು ತಾವಾಗಿಯೇ ಹೇಳಿದರು. ಭಾನುವಾರ ಊಟಕ್ಕೆ ಬರುವವನು ನಾನು ಎಂಬುದನ್ನು ಯಾರೂ ಯೋಚಿಸಲಿಲ್ಲ!

ವಾಪಸ್ಸು ಬರುವಾಗ ಗುಂಡಗೈ ಊರಿನ ಹತ್ತಿರ, ರಸ್ತೆ ಬದಿಯ ಮರವೊಂದರ ಕೆಳಗೆ ಕಾರು ನಿಲ್ಲಿಸಿದೆವು. ಕಾಲು ಆಡಿಸಿ ಬಂದಾಗ ಅತ್ತೆ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋಗಿದ್ದರು. ನಾನು ಬಾಗಿಲಿಗೆ ಕೈ ಹಾಕಿದೆ. ಮಾವ ನನ್ನ ತೋಳು ಹಿಡಿದು ದೂರ ಎಳೆದುಕೊಂಡು ಹೋದರು.

"ಮದುವೆ ಆದಮೇಲೆ ಇವಳು ಹಗಲು ಹೊತ್ತಲ್ಲಿ ಮಲಗಿದ್ದು ನಾನು ನೋಡೇ ಇಲ್ಲ ಕಣೋ" ಎಂದು ಪಿಸುಗುಟ್ಟಿದರು.

ಮರದ ನೆರಳು ಸರಿದು ಕಿಟಕಿಯ ಮೇಲೆ ಬಿಸಿಲು ಬಿತ್ತು. ಮಾವ ಹೋಗಿ ತಮ್ಮ ಕೋಟನ್ನು ಎರಡು ಕೈಯಲ್ಲೂ ಅಗಲಿಸಿ ಹಿಡಿದು ಕಿಟಕಿಗೆ ಅಡ್ಡ ನಿಂತರು. ಬಿಸಿಲು ಸರಿದ ಹಾಗೆ ಒಂದೊಂದು ಹೆಜ್ಜೆ ತಾವೂ ಸರಿದರು. ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಬೇಡ ಎಂದು ತಲೆಯಾಡಿಸಿದರು. ಎರಡು ಗಂಟೆ ಹಾಗೆ ನಿಂತಿದ್ದರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಎಷ್ಟೋ ಕಾಲದ ಮೇಲೆ ಅತ್ತೆಯ ಮುಂದೆಯೇ ಇದನ್ನು ಹೇಳಿದೆ. ಅವರು ನಕ್ಕರು.

"ನಾನೆಲ್ಲಿ ಮಲಗಿದ್ದೆ? ಎಷ್ಟು ಹೊತ್ತು ನಿಂತಿರ್ತಾರೆ ನೋಡೋಣ ಅಂತ ಕಣ್ಣು ಮುಚ್ಚಿಕೊಂಡಿದ್ದೆ."

"ಎಷ್ಟು ಹೊತ್ತು ನಿಂತಿದ್ರು, ಅತ್ತೆ?"

"ಅದು ಗೊತ್ತಿಲ್ಲ ಕಣೋ" ಎಂದರು. "ಅಷ್ಟರಲ್ಲಿ ನಿಜವಾಗಿ ನಿದ್ದೆ ಬಂದುಬಿಡ್ತು."