ಕೊಠಡಿಗೊಂದು ಲಕ್ಷ

ಕಚೇರಿಯ ಒಂದು ಕೊಠಡಿಯ ಪೀಠೋಪಕರಣಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮೀರಿ ವೆಚ್ಚ ಮಾಡತಕ್ಕದ್ದಲ್ಲ ಎಂಬ ಸುತ್ತೋಲೆಯನ್ನು ಓಖ್ಲಾದ ನಮ್ಮ ಸಮನ್ವಯ ನಿರ್ದೇಶನಾಲಯವು ಚಾಚೂ ತಪ್ಪದೆ ಪಾಲಿಸಿದೆ. ಕಡತ ಕಟ್ಟಿದವನು ನಾನೇ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ನಿರ್ದೇಶಕ ಚಂದ್ರಮೋಹನ ಸಾಹೇಬರು ಸುತ್ತೋಲೆಯನ್ನು ಮೂರು ಸಲ ಓದಿ, "ಮಿತಿ ಕೊಠಡಿಗೆ ತಾನೇ? ಅಧಿಕಾರಿಗಲ್ಲವಲ್ಲ" ಎಂದರು. ವಾರದೊಳಗೆ ಪ್ಲೈವುಡ್ ಬಂತು. ಅವರ ಒಂದು ಕೊಠಡಿ ನಾಲ್ಕಾಯಿತು: ಕೂರುವುದಕ್ಕೆ, ಯೋಚಿಸುವುದಕ್ಕೆ, ಸಹಿ ಹಾಕುವುದಕ್ಕೆ, ಸಹಿ ಹಾಕದೆ ಇಟ್ಟುಕೊಳ್ಳುವುದಕ್ಕೆ. ನಾಲ್ಕಕ್ಕೂ ಒಂದೊಂದು ಲಕ್ಷ, ಒಂದು ಪೈಸೆ ಹೆಚ್ಚಿಲ್ಲ. ಜಾಗ ಸಾಲದೆ ಪಕ್ಕದ ಟೈಪಿಂಗ್ ವಿಭಾಗವನ್ನೂ ಒಳಗೆ ಸೇರಿಸಿಕೊಂಡರು. ಅಲ್ಲಿದ್ದ ಸಹಾಯಕಿ ವೈಜಯಂತಿಯವರ ಮೇಜು ಕಾರಿಡಾರಿಗೆ ಬಂತು.

ವೈಜಯಂತಿಯವರಿಗೆ ಸೊಂಟದ ಡಿಸ್ಕ್ ಜಾರಿದೆ. ಕುರ್ಚಿಯ ಬೆನ್ನು ಮುರಿದು ಎರಡು ವರ್ಷ. ಪಾಪ, ಹಗ್ಗ ಕಟ್ಟಿಕೊಂಡು ಕೂರುತ್ತಿದ್ದರು. ವೈದ್ಯರ ಚೀಟಿ ಹಿಡಿದು ಯೋಚಿಸುವ ಕೊಠಡಿಗೆ ಹೋದರು.

"ಸರ್, ಬೆನ್ನಿಗೆ ಆಧಾರ ಇರೋ ಒಂದು ಕುರ್ಚಿ ಕೊಡಿಸಿ. ಹೀಗೇ ಕೂತರೆ ಆಪರೇಷನ್ ಆಗುತ್ತೆ ಅಂತಿದಾರೆ."

ಸಾಹೇಬರು ಒರಗುಕುರ್ಚಿಯಿಂದ ಏಳದೆಯೇ ಮರುಗಿದರು. "ಕೊಡಿಸಬಹುದಿತ್ತಮ್ಮ. ಆದರೆ ಕಾರಿಡಾರ್ ಕೊಠಡಿ ಅಲ್ವಲ್ಲ? ಅದರ ಮಿತಿ ಸೊನ್ನೆ."

ನನಗೆ ಮೈಯೆಲ್ಲ ಉರಿಯಿತು. ಆದರೂ "ಸೊನ್ನೆ" ಎಂದೇ ಟಿಪ್ಪಣಿ ಬರೆದೆ. ನನಗೂ ನಿವೃತ್ತಿಗೆ ಎರಡೇ ವರ್ಷ.

ಮಾರ್ಚ್‌ನಲ್ಲಿ ಲೆಕ್ಕ ತಪಾಸಣೆಯ ಅನೂಪ್ ಬಂದರು. ಯೋಚಿಸುವ ಕೊಠಡಿಯನ್ನು ಖುದ್ದಾಗಿ ಪರೀಕ್ಷಿಸುತ್ತಾ ನಲವತ್ತು ನಿಮಿಷ ನಿದ್ದೆ ಮಾಡಿದರು. ಎದ್ದು ಬರೆದ ವರದಿಯಲ್ಲಿ ನಾಲ್ಕು ಕೊಠಡಿಗಳಿಗೂ ಶ್ಲಾಘನೆ. ಆಕ್ಷೇಪಣೆ ಒಂದೇ: ಸೊನ್ನೆ ಮಿತಿಯ ಕಾರಿಡಾರಿನಲ್ಲಿ ಒಂದು ಕುರ್ಚಿ ಪತ್ತೆಯಾಗಿದೆ.

ಅದೇ ಸಂಜೆ ಅದನ್ನು ಹಗ್ಗದ ಸಮೇತ ಜಪ್ತಿ ಮಾಡಿದೆವು.

"ಹಾಗಾದ್ರೆ ನಿಂತೇ ಟೈಪ್ ಮಾಡ್ಲಾ ಸರ್?" ಎಂದು ವೈಜಯಂತಿ ಕೇಳಿದರು.

"ಹಾಗೆಲ್ಲ ನಿಲ್ಲೋ ಹಾಗಿಲ್ಲಮ್ಮ. ಅರ್ಜಿ ಕೊಡಿ" ಎಂದರು ಸಾಹೇಬರು.

ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಆರು ತಿಂಗಳ ಮಟ್ಟಿಗೆ ನಿಲ್ಲಲು ಮಂಜೂರಾತಿ ಸಿಕ್ಕಿತು. ಷರತ್ತು ಒಂದೇ: ಗೋಡೆಗೆ ಒರಗತಕ್ಕದ್ದಲ್ಲ, ಹೊಸದಾಗಿ ಬಣ್ಣ ಬಳಿಸಲಾಗಿದೆ. ವೈಜಯಂತಿ ಓದಿ, ಸೊಂಟ ಹಿಡಿದುಕೊಂಡು ಸಹಿ ಹಾಕಿ, "ಥ್ಯಾಂಕ್ಸ್ ಸರ್" ಎಂದರು.