ಹೆಬ್ಬಾಳದ ಇಳಿಜಾರಿನಲ್ಲಿ ನಮ್ಮ ಸ್ವಂತ ಮನೆ

ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿ ಕೊಳೆತ ನಾನು, ಎಂಬತ್ತರ ದಶಕದ ಒಂದು ಶುಭ ಗುರುವಾರ ಸ್ವಂತ ಮನೆಯ ಯಜಮಾನನಾದೆ. ಮನೆಗೆ ಅಡಿಪಾಯ ಇರಲಿಲ್ಲ, ಚಕ್ರ ಇದ್ದವು! ಕೋಗಿಲಿನಲ್ಲಿದ್ದ ವಿದೇಶಿ ಎಂಜಿನಿಯರೊಬ್ಬ ಊರಿಗೆ ಹೊರಡುವಾಗ ತಾನು ವಾಸವಿದ್ದ ಟ್ರೇಲರ್ ಮನೆಯನ್ನು ನನಗೆ ಮಾರಿದ್ದ. ಮಂಚ, ಅಡುಗೆಕಟ್ಟೆ, ಕಿಟಕಿಗೆ ಪರದೆ, ಎಲ್ಲಾ ಇತ್ತು. ಆರ್.ಟಿ. ನಗರದ ನಮ್ಮ ಖಾಲಿ ಸೈಟಿಗೆ ಎಳೆದು ತಂದರೆ ಮುಗೀತು. ಎಳೆಯೋಕೆ ನನ್ನ ಬೇಕರಿಯ ಪೆಟ್ರೋಲ್ ಪಿಕಪ್ ಇತ್ತಲ್ಲ!

"ಎಳೆಯೋದು ದೊಡ್ಡ ಮಾತಲ್ಲ ಸಾರ್, ನಿಲ್ಸೋದೇ ಕಷ್ಟ," ಅಂದರು ಜೊತೆಗೆ ಬಂದಿದ್ದ ನಮ್ಮ ಬೀದಿಯ ಮೆಕ್ಯಾನಿಕ್ ಗೌಸ್ ಭಾಯ್. "ಭಾರ ಎಲ್ಲಾ ಮುಂದಕ್ಕಿಡಿ. ಹಿಂದೆ ಜಾಸ್ತಿ ಆದ್ರೆ ಬಾಲ ಅಲ್ಲಾಡ್ಸುತ್ತೆ."

ಆಗ ಹೆಂಡತಿಯ ಜೊತೆ ಬಂದಿದ್ದ ನಮ್ಮತ್ತೆ ಬಾಯಿ ಹಾಕಿದರು. ಖಾಲಿ ಮನೆ ತರಬಾರದಂತೆ. ಸರಿ, ಬಾಡಿಗೆ ಮನೆಯಿಂದ ಪಿಕಪ್ಪಿನಲ್ಲಿ ಹೇರಿ ತಂದಿದ್ದ ರುಬ್ಬೋ ಕಲ್ಲು, ಅಕ್ಕಿ ಮೂಟೆ, ಕಬ್ಬಿಣದ ಬೀರು ಒಳಗೆ ಹೋದವು. ಭಾರದ ಸಾಮಾನು ನೈರುತ್ಯ ಮೂಲೆಯಲ್ಲೇ ಇರಬೇಕಂತೆ. ಟ್ರೇಲರ್ ಆಗ ನಿಂತಿದ್ದ ರೀತಿಗೆ ನೈರುತ್ಯ ಅಂದ್ರೆ ಹಿಂದಿನ ತುದಿ!

"ಅಮ್ಮಾ, ಗಾಡಿ ತಿರುಗಿದ್ರೆ ಮೂಲೆನೂ ತಿರುಗುತ್ತಲ್ಲಾ?" ಅಂದರು ಗೌಸ್ ಭಾಯ್.

"ಮನೆ ವಿಷ್ಯ ನಮಗೆ ಬಿಡಪ್ಪ," ಅಂದರು ಅತ್ತೆ.

ನಾನು ಅಳಿಯ. ಬೀರುವನ್ನು ಹಿಂದಕ್ಕೆ ತಳ್ಳಿದೆ. ದೇವರ ಪಟ ಹಿಡ್ಕೊಂಡು ಅತ್ತೆ ಟ್ರೇಲರಿನೊಳಗೇ ಕೂತರು. ನಾನು, ಹೆಂಡತಿ ಸರೋಜ, ಗೌಸ್ ಭಾಯ್ ಮೂವರೂ ಪಿಕಪ್ಪಿನಲ್ಲಿ.

ಬ್ಯಾಟರಾಯನಪುರದವರೆಗೂ ನಾನು ಶಿಳ್ಳೆ ಹಾಕ್ತಾ ಬಂದೆ. ಹೆಬ್ಬಾಳದ ಇಳಿಜಾರು ಶುರುವಾಯ್ತು ನೋಡಿ, ಶಿಳ್ಳೆ ತುಟಿಯಲ್ಲೇ ಸತ್ತುಹೋಯ್ತು. ಮನೆ ನಮ್ಮನ್ನು ಹಿಂದಿನಿಂದ ನೂಕುತ್ತಿತ್ತು! ಕನ್ನಡಿಯಲ್ಲಿ ನೋಡಿದರೆ ಅದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂರಾಡುತ್ತಿದೆ. ಎದುರಿಗೆ ಲಾರಿ. ಎಡಕ್ಕೆ ಕೆರೆ. ಒಳಗೆ ಅತ್ತೆ, ಅವರ ಹಿಂದೆ ಬೀರು!

"ರೀ, ಅಮ್ಮ ಕಣ್ರೀ, ಒಳಗೆ ನಮ್ಮಮ್ಮ!" ಸರೋಜ ಕಿರುಚಿದಳು.

ನಾನು ಎರಡೂ ಕಾಲಲ್ಲಿ ಬ್ರೇಕ್ ತುಳಿದೆ.

"ಯಾ ಅಲ್ಲಾ! ಬ್ರೇಕ್ ಬೇಡ, ಬಾಲ ಇನ್ನೂ ಜಾಸ್ತಿ ಅಲ್ಲಾಡುತ್ತೆ, ಕಾಲು ತೆಗೀರಿ ಸಾರ್!"

ಕಾಲು ತೆಗೆಯೋಕೆ ಅದು ನನ್ನ ಮಾತು ಕೇಳಬೇಕಲ್ಲ! ಸತ್ಯವಾಗಿ ಹೇಳ್ತೀನಿ, ಅಷ್ಟು ಭಯ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅತ್ತೆಗೆ ಏನಾದ್ರೂ ಆದ್ರೆ ಸರೋಜನ ಮುಖ ಹೇಗೆ ನೋಡಲಿ? ಕಡೆಗೆ ಗೌಸ್ ಭಾಯ್ ನನ್ನ ಮೊಣಕಾಲನ್ನೇ ಎಳೆದು, ಸ್ಟೇರಿಂಗ್ ಹಿಡಿದು, ರಸ್ತೆ ರಿಪೇರಿಗೆ ಸುರಿದಿದ್ದ ಮರಳಿನ ಗುಡ್ಡೆಗೆ ಗಾಡಿ ನುಗ್ಗಿಸಿದರು. ಕೆರೆಗೂ ನಮಗೂ ನಾಲ್ಕು ಮಾರು ದೂರ. ಒಳಗಿಂದ ಸದ್ದೇ ಇಲ್ಲ.

"ಅತ್ತೇ! ತಪ್ಪಾಯ್ತು ಅತ್ತೇ! ಒಂದ್ಸಲ ಮಾತಾಡಿ!" ಅಳುತ್ತಾ ಬಾಗಿಲು ಬಡಿದೆ.

ಬಾಗಿಲು ತೆರೀತು. ತಲೆ ತುಂಬಾ ಅಕ್ಕಿ, ಎದೆಗೊತ್ತಿಕೊಂಡ ದೇವರ ಪಟ. ಗಾಯ ಇಲ್ಲ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸರೋಜಾ, ನಿನ್ನ ಗಂಡನ್ನ ಹಿಡ್ಕೊಳ್ಳೇ, ಬೀಳ್ತಾನೆ."

ಬಿದ್ದೆ!

ಗೌಸ್ ಭಾಯ್ ಸಾಮಾನನ್ನೆಲ್ಲ ಮುಂದಕ್ಕೆ ಸರಿಸಿ ತಾವೇ ಗಾಡಿ ಓಡಿಸಿದರು. ಆವತ್ತು ನಮ್ಮ ಸ್ವಂತ ಮನೆಯ ಗೃಹಪ್ರವೇಶ ಶಾಸ್ತ್ರೋಕ್ತವಾಗಿ ನೆರವೇರಿತು. ಅತ್ತೆ, ಸರೋಜ ಪಿಕಪ್ಪಿನಲ್ಲಿ ಮುಂದೆ ಕೂತು ಬಂದರು. ಯಜಮಾನನಾದ ನನ್ನನ್ನು ಒಳಗೆ ಮಂಚಕ್ಕೆ ಸೀರೆಯಲ್ಲಿ ಕಟ್ಟಿ ತಂದರು.